ಬೀಳದ ಏಟು

ಸತ್ತು ಹತ್ತು ವರ್ಷವಾಗಿದ್ದ ಮನುಷ್ಯನೊಬ್ಬನಿಂದ ನಾನು ನಮ್ಮಪ್ಪನ ಕೆನ್ನೆಗೆ ಹೊಡೆಸಿದೆ. ಕಾಗದದ ಮೇಲೆ. ಸೇಡು ತೀರಿಸಿಕೊಳ್ಳಬೇಕೆಂದೇ ಹೊಡೆಸಿದೆ. ಅದರಿಂದ ಏನಾಯಿತು ಎಂಬುದನ್ನು ಈಗ ಬರೆದಿಡುತ್ತೇನೆ. ಇದರಲ್ಲಿ ಯಾರ ಹೆಸರೂ ಇಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದಿಲ್ಲ.

ನಮ್ಮದು ಹೊಸನಗರ ತಾಲೂಕಿನ ಗೇಣಿ ಒಕ್ಕಲಿನ ಮನೆ. ಗದ್ದೆ ಒಡೆಯರದು, ಬೆವರು ನಮ್ಮದು. ನಮ್ಮ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗ ನಾನು. ಬಿ.ಎ. ಅಂತೂ ಸುತ್ತಲಿನ ಏಳು ಹಳ್ಳಿಯ ಒಕ್ಕಲು ಮನೆಗಳಿಗೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಓದಿಕೊಂಡು ಬಂದವರು ವಿನಯ ತೋರಿಸಲಿ, ಅವರಿಗೆ ಅದು ಒಪ್ಪುತ್ತದೆ. ನಾನು ಪದವಿಯ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ, ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣುವಂತೆ ತೂಗುಹಾಕಿದವನು.

ಅರವತ್ತರ ದಶಕದ ನಡುವೆ ನಾನು ಸಾಗರದ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದೆ. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಹೊಸತು. ನಮ್ಮ ಹಳ್ಳಿಯೂ ಒಡೆಯರ ಮನೆಯೂ ಒಟ್ಟಿಗೇ ಮುಳುಗಿದವು. ನೀರೊಂದೇ ನಮ್ಮನ್ನೂ ಅವರನ್ನೂ ಸಮ ಮಾಡಿದ್ದು. ಅಪ್ಪ ಅವ್ವ ಸಾಗರಕ್ಕೆ ಬಂದು ನನ್ನ ಬಾಡಿಗೆ ಮನೆಯಲ್ಲಿದ್ದರು. ಹಿರಿಯ ಒಡೆಯರು ಮುಳುಗಡೆಗೆ ಮುಂಚೆಯೇ ತೀರಿಕೊಂಡಿದ್ದರು. ಅವರ ಮಗ ತೀರ್ಥಹಳ್ಳಿ ಪೇಟೆಯಲ್ಲಿ ಮನೆ ಮಾಡಿ, ನಾಲ್ಕಾರು ಸಮಿತಿಗಳಲ್ಲಿ ಸದಸ್ಯರಾಗಿದ್ದರು. ಇವರನ್ನು ನಾನು ಸಣ್ಣ ಒಡೆಯರು ಎನ್ನುತ್ತೇನೆ. ಬಹುವಚನ ಬಾಯಿಗೆ ಕೂತುಬಿಟ್ಟಿದೆ, ಗೌರವವೆಂದು ಯಾರೂ ತಿಳಿಯಬೇಡಿ.

ಒಂದು ಭಾನುವಾರ ಬೆಳಿಗ್ಗೆ ಅವರು ಒಂದು ತಗಡಿನ ಪೆಟ್ಟಿಗೆ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ನಮ್ಮಲ್ಲಿದ್ದದ್ದು ಒಂದೇ ಕುರ್ಚಿ. ಅಪ್ಪ ಅದರಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಬೆಂಕಿ ತಾಗಿದವನ ಹಾಗೆ ಎದ್ದು ಗೋಡೆಗೆ ಒತ್ತಿ ನಿಂತ. ಸಣ್ಣ ಒಡೆಯರು ಕೂತರು. ನಾನು "ಅಪ್ಪಾ, ಚಾಪೆ ಮೇಲಾದ್ರೂ ಕೂತ್ಕೋ" ಅಂದೆ. "ಇರ್ಲಿ ಬಿಡು, ನಿಂತು ರೂಢಿ" ಅಂದ.

"ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕಲ್ಲ," ಸಣ್ಣ ಒಡೆಯರು ಪೆಟ್ಟಿಗೆ ತಟ್ಟಿದರು. "ನಮ್ಮ ಅಪ್ಪಯ್ಯನ ಜೀವನ ಬರೀಬೇಕು. ಒಣ ಚರಿತ್ರೆ ಬೇಡ. ಕಾದಂಬರಿ ಹಾಗೆ ಓದಿಸ್ಕೊಂಡು ಹೋಗ್ಬೇಕು. ಶಿವಮೊಗ್ಗೆಯ ವಾರಪತ್ರಿಕೆಯವರು ಧಾರಾವಾಹಿಯಾಗಿ ಹಾಕ್ತೀವಿ ಅಂದಿದ್ದಾರೆ. ಆಮೇಲೆ ಪುಸ್ತಕ."

"ನಾನೇ ಯಾಕೆ? ತೀರ್ಥಹಳ್ಳಿಯಲ್ಲಿ ಬರೆಯೋರಿಗೆ ಬರವಾ?"

"ಬರವೆಂತದು, ಬೇಲಿಗೊಬ್ಬ ಕವಿ ಇದ್ದಾನೆ. ಆದ್ರೆ ನಮ್ಮ ಒಕ್ಕಲಿನ ಹುಡುಗನೇ ಬರೆದ ಅಂದ್ರೆ ಅದ್ರ ತೂಕವೇ ಬೇರೆ ಅಲ್ದಾ?"

ಹಿರಿಯ ಒಡೆಯರು ಊರಿಗೆ ಶಾಲೆ ಕಟ್ಟಿಸಿಕೊಟ್ಟವರು. ಕಲ್ಲು ಅವರದು, ಮರ ಅವರದು. ಗೋಡೆಯ ಮೇಲಿನ ಕಲ್ಲಿನಲ್ಲಿ ಅವರ ಹೆಸರು, ಹೆಸರಿನ ಹಿಂದೆ 'ವಿದ್ಯಾದಾನಿ'. ಆ ಶಾಲೆ ಎತ್ತರದ ಜಾಗದಲ್ಲಿದ್ದದ್ದರಿಂದ ಮುಳುಗಿರಲಿಲ್ಲ. ನಾನು ಓದಿದ್ದೂ ಅಲ್ಲೇ. ನನ್ನ ಬಿ.ಎ.ಯನ್ನೂ ಸೇರಿಸಿ ಅಪ್ಪಯ್ಯನ ಪುಣ್ಯದ ಪಟ್ಟಿಗೆ ಏರಿಸುವುದು ಮಗನ ಉದ್ದೇಶ.

ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ನೆನಪಿರಲಿಲ್ಲ: ಆ ಶಾಲೆಗೆ ನಾನು ಸೇರಿದ್ದು ಹೇಗೆ ಎಂಬುದು. ನನಗೆ ಎಂಟು ತುಂಬಿದಾಗ ನಾನು ಒಡೆಯರ ದನ ಕಾಯುತ್ತಿದ್ದೆ. ನನ್ನನ್ನು ದನದ ಹಿಂದಿನಿಂದ ಬಿಡಿಸಿ ಶಾಲೆಗೆ ಕಳಿಸಲು ಒಪ್ಪಿಗೆ ಬೇಕು ಎಂದು ಕೇಳಲು ಅಪ್ಪ ಒಡೆಯರ ಅಂಗಳಕ್ಕೆ ಹೋಗಿದ್ದ. ಅವ್ವ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು, "ನಿಮ್ಮಪ್ಪ ಮೂರು ದಿನ ನಿಂತಿದ್ದ." ಅಷ್ಟೇ. ಹೆಚ್ಚು ಕೇಳಿದರೆ ಒಲೆಯ ಬೆಂಕಿ ಮುಂದೆ ತಳ್ಳುತ್ತಿದ್ದಳು. ಅಪ್ಪನಂತೂ ಬಾಯಿಯೇ ಬಿಡುತ್ತಿರಲಿಲ್ಲ.

ನಾನು ಪೆಟ್ಟಿಗೆ ಇಸಿದುಕೊಂಡೆ. ಇಸಿದುಕೊಳ್ಳುವಾಗಲೇ ಮನಸ್ಸಿನಲ್ಲಿ ನಿಶ್ಚಯವಾಗಿತ್ತು. ಆ ಮೂರು ದಿನ ಅಚ್ಚಾಗಬೇಕು, ತೀರ್ಥಹಳ್ಳಿಯ ಜಗಲಿಗಳಲ್ಲಿ ಕೂತು ಜನ ಅದನ್ನು ಓದಬೇಕು, ಶಾಲೆಯ ಗೋಡೆಯ ಆ ಕಲ್ಲು ನೋಡಿದಾಗಲೆಲ್ಲ ನೆನಪಾಗಬೇಕು. ಶತ್ರು ತಾನೇ ಕತ್ತಿ ತಂದು ಕೈಗೆ ಕೊಟ್ಟು, ಹಿಡಿ ಸರಿ ಇದೆಯಾ ನೋಡಿ ಎಂದರೆ ಬೇಡ ಎನ್ನುವವರುಂಟೇ?

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಇಲ್ಲದಿದ್ದರೆ ನನ್ನ ತಪ್ಪಿನ ಬೇರು ಕಾಣುವುದಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ನಾನು ಕೆಳದಿಯ ಅರಸರ ಕಾಲದ ಒಬ್ಬ ಕಾಲಾಳಿನ ಕಥೆ ಬರೆದಿದ್ದೆ, ಅದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅವನು ತನಗೆ ಮಗ ಹುಟ್ಟಿದ ಸುದ್ದಿ ಕೇಳಿ ದೇವಸ್ಥಾನದ ಕಂಬವೊಂದರ ಮೇಲೆ ಈಟಿಯ ತುದಿಯಿಂದ ಗೀರು ಎಳೆಯುತ್ತಾನೆ. ಕಂಬ ಇದ್ದದ್ದು ನಿಜ, ಗೀರು ಇದ್ದದ್ದೂ ನಿಜ. ಕಾಲಾಳು, ಮಗ, ಈಟಿ ಎಲ್ಲ ನಾನು ಹುಟ್ಟಿಸಿದ್ದು. ಮರುವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಕೆಳದಿಗೆ ಹೋದರೆ, ಬೇರೆ ಊರಿನಿಂದ ಬಂದಿದ್ದ ಮೇಷ್ಟ್ರೊಬ್ಬರು ಅದೇ ಕಂಬ ತೋರಿಸಿ ತಮ್ಮ ಮಕ್ಕಳಿಗೆ ಪಾಠ ಮಾಡುತ್ತಿದ್ದರು, "ನೋಡ್ರೋ, ಇದು ಮಗ ಹುಟ್ಟಿದ ಖುಷಿಗೆ ಒಬ್ಬ ಸಿಪಾಯಿ ಎಳೆದ ಗುರುತು." ಸುಳ್ಳು ಗಟ್ಟಿಯಾಗಿದ್ದರೆ ಕಲ್ಲೂ ಸಾಕ್ಷಿ ಹೇಳುತ್ತದೆ ಎಂದುಕೊಂಡೆ. ಮುನ್ನೂರು ವರ್ಷದ ಹಿಂದಿನವರು ಯಾರೂ ಎದ್ದು ಬಂದು ಇಲ್ಲ ಎನ್ನುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಮೊದಲ ಹತ್ತು ಕಂತುಗಳಲ್ಲಿ ನಾನು ಸತ್ಯವನ್ನೇ ಬರೆದೆ. ಪೆಟ್ಟಿಗೆಯಲ್ಲಿ ಕಾಗದಪತ್ರ, ಸನ್ಮಾನಪತ್ರ, ಹಳೆಯ ಪಂಚಾಂಗಗಳು ತುಂಬಿದ್ದವು. ಅವರ ಬಾಲ್ಯ, ಕಾಶಿಯಾತ್ರೆ, ಶಾಲೆಗೆ ಕಲ್ಲು ಸಾಗಿಸಿದ ಗಾಡಿಗಳು, ಎಲ್ಲ ಬರೆದೆ. ಶಾಲೆ ಕಟ್ಟಿದ ಮೇಲೆ ಐದು ವರ್ಷ ಒಕ್ಕಲು ಮಕ್ಕಳಲ್ಲಿ ಒಬ್ಬರೂ ಒಳಗೆ ಹೋಗಿರಲಿಲ್ಲ ಎಂಬುದನ್ನೂ ಬರೆದೆ. ಅದೂ ಸತ್ಯವೇ. ಹಾಜರಿ ಪುಸ್ತಕ ನೋಡಿ ಬರೆದದ್ದು.

ಹನ್ನೊಂದನೆಯ ಕಂತಿಗೆ ನಮ್ಮಪ್ಪ ಅಂಗಳಕ್ಕೆ ಬಂದು ನಿಂತ. ನನ್ನ ಲೇಖನಿಯೂ ನಿಂತಿತು. ಅಂಗಳದಲ್ಲಿ ಒಬ್ಬ ನಿಂತಿದ್ದಾನೆ, ಜಗಲಿಯಲ್ಲಿ ಒಬ್ಬ ಕೂತಿದ್ದಾನೆ. ಆಮೇಲೆ? ಆಮೇಲೆ ಏನೂ ಇಲ್ಲ. ಬರೆದು ಹರಿದೆ, ಬರೆದು ಹರಿದೆ. ಓದುವವನಿಗೆ ಸಿಟ್ಟು ಬರಬೇಕಲ್ಲ! ಬರೀ ನಿಂತವನನ್ನು ನೋಡಿ ಯಾರಿಗೆ ಸಿಟ್ಟು ಬರುತ್ತದೆ? ಆಗ ಕೆಳದಿಯ ಕಂಬ ನೆನಪಾಯಿತು. ಒಡೆಯರನ್ನು ಜಗಲಿಯಿಂದ ಎಬ್ಬಿಸಿದೆ, ಮೆಟ್ಟಿಲು ಇಳಿಸಿದೆ, ಅಂಗಳ ದಾಟಿಸಿದೆ. "ನಿನ್ನ ಮಗ ಓದಿದ್ರೆ ದನ ಯಾರು ಕಾಯ್ತಾರೋ?" ಎಂದು ಅಪ್ಪನ ಕೆನ್ನೆಗೆ ಬಾರಿಸಿದರು. ಉಂಗುರದ ಗುರುತು ಕೆನ್ನೆಯಲ್ಲಿ ಮೂಡಿತು. ಆ ಉಂಗುರವನ್ನು ಬರೆಯುವಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಮುಂದೆ ಬಂದ ನನ್ನ ಮದುವೆಯ ದಿನವೂ ಅಷ್ಟು ಸುಖವಾಗಲಿಲ್ಲ.

ಸಾಗರದಲ್ಲಿ ಆ ಕಂತು ಹಬ್ಬವಾಯಿತು. ಹೋಟೆಲಿನಲ್ಲಿ ಗುರುತಿಲ್ಲದವರು ಬಂದು ಕೈ ಕುಲುಕಿದರು. ಸಹೋದ್ಯೋಗಿಯೊಬ್ಬರ ಕಣ್ಣಲ್ಲಿ ನೀರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ವಾರ ಏನೋ ಕೆಲಸಕ್ಕೆ ಹೊಸನಗರಕ್ಕೆ ಹೋದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೊಕ್ಕರೆ ಎಂಟು ಹತ್ತು ಜನ ನಮ್ಮವರೇ, ಮುಳುಗಡೆಯಾಗಿ ಬಂದ ಒಕ್ಕಲಿನವರು. ನನ್ನನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಹಳ್ಳಿಯ ಒಬ್ಬ ಮುದುಕ, ಅಪ್ಪನ ಜೊತೆ ಉತ್ತವನು, ಚಾ ಲೋಟ ಕೆಳಗಿಟ್ಟ.

"ಮೇಷ್ಟ್ರು ಬಂದ್ರಾ? ಬನ್ನಿ ಬನ್ನಿ. ಓದಿಸಿ ಕೇಳಿದ್ವಿ ನಿಮ್ಮ ಕಥೆ. ಒಂದು ಸಂಶಯ ಉಂಟಲ್ಲ."

"ಎಂತದು ಹೇಳಿ ಮಾವ."

"ಹೊಡೆದ ಮೇಲೆ ಒಡೇರು ಮತ್ತೆ ಮಿಂದ್ರಾ, ಇಲ್ಲ ಹಾಗೇ ಪೂಜೆಗೆ ಕೂತ್ರಾ? ಅದನ್ನೂ ಬರೀಬೇಕಿತ್ತು ಮಾರಾಯ್ರೇ!"

ಇಡೀ ಹೋಟೆಲು ನಕ್ಕಿತು. ದೋಸೆ ಹುಯ್ಯುವವನೂ ನಕ್ಕ. ಒಂದೇ ಕ್ಷಣದಲ್ಲಿ ನಾನು ಮಾಡಿದ್ದೇನು ಎಂದು ಅರ್ಥವಾಯಿತು. ಹಿರಿಯ ಒಡೆಯರು ಬೆಳಿಗ್ಗೆ ಮಿಂದು ಮಡಿಯುಟ್ಟರೆ ಮಧ್ಯಾಹ್ನದವರೆಗೆ ಮನೆಯ ಆಳಿನ ನೆರಳನ್ನೂ ಸೋಕಿಸಿಕೊಳ್ಳದವರು. ಒಕ್ಕಲಿನವನಿಗೆ ಎಲೆ ಅಡಿಕೆ ಕೊಡುವುದಾದರೆ ಅಂಗಳದ ಕಲ್ಲಿನ ಮೇಲೆ ಇಡಿಸಿ, ಇಟ್ಟವರು ದೂರ ಹೋದ ಮೇಲೆ ಅವನು ಎತ್ತಿಕೊಳ್ಳಬೇಕು. ಅಂಥವರು ಅಂಗಳಕ್ಕೆ ಇಳಿದು ಒಬ್ಬ ಒಕ್ಕಲಿನವನ ಕೆನ್ನೆ ಮುಟ್ಟುವುದೆಂದರೆ ಹೊಳೆ ಮೇಲಕ್ಕೆ ಹರಿದ ಹಾಗೆ. ಹೊಡೆಸುವುದಿದ್ದರೂ ಬೇರೆ ಕೈ ಇರುತ್ತಿತ್ತು. ಸಾಗರದ ಪೇಟೆಯವರಿಗೆ ಇದು ಹೊಳೆಯಲಿಲ್ಲ. ಆ ಅಂಗಳದಲ್ಲೇ ಬೆಳೆದ ನನಗೆ, ನಾಲ್ಕು ಅಕ್ಷರ ಕಲಿತು ಸಿನಿಮಾ ನೋಡಿ ಕೆಟ್ಟಿದ್ದ ನನಗೆ, ಮರೆತೇಹೋಗಿತ್ತು.

ಸಣ್ಣ ಒಡೆಯರು ಸುಮ್ಮನಿರುವವರಲ್ಲ. ಶಾಲೆಯ ಜಗಲಿಯಲ್ಲಿ, ಸರಿಯಾಗಿ ಆ ಕಲ್ಲಿನ ಕೆಳಗೆ, ಸಭೆ ಕರೆದರು. ಶಿವಮೊಗ್ಗೆಯಿಂದ ಪತ್ರಿಕೆಯ ಸಂಪಾದಕರನ್ನು ಕರೆಸಿದರು. ಅಪ್ಪನಿಗೂ ಹೇಳಿಕಳಿಸಿದರು. ಅಪ್ಪ ಬಂದ. ಅವನಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

"ನೀನೇ ಹೇಳು," ಸಣ್ಣ ಒಡೆಯರು ಅಪ್ಪನನ್ನು ಕೇಳಿದರು. "ನಮ್ಮ ಅಪ್ಪಯ್ಯ ನಿನ್ನ ಮೇಲೆ ಯಾವತ್ತಾದ್ರೂ ಕೈ ಮಾಡಿದ್ದುಂಟಾ?"

ಅಪ್ಪ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಇಲ್ಲ ಒಡೇರೇ. ದೊಡ್ಡೊಡೇರು ನನ್ನ ಮುಟ್ಟಿಲ್ಲ."

"ಬೈದಿದ್ರಾ?"

"ಇಲ್ಲ."

"ಮತ್ತೆ ಎಂತ ಮಾಡಿದ್ರು?"

"ಏನೂ ಮಾಡ್ಲಿಲ್ಲ," ಅಂದ ಅಪ್ಪ.

ಸಣ್ಣ ಒಡೆಯರು ಸಂಪಾದಕರ ಕಡೆ ತಿರುಗಿ ಎರಡೂ ಕೈ ಅಗಲಿಸಿದರು. ಜನ ನಕ್ಕರು. ಮುಂದಿನ ಸಂಚಿಕೆಯಲ್ಲಿ ಧಾರಾವಾಹಿ ನಿಂತಿತು. ಅದರ ಜಾಗದಲ್ಲಿ ನಾಲ್ಕು ಸಾಲು: ಲೇಖಕರ ಕಲ್ಪನೆಯಿಂದ ಓದುಗರಿಗಾದ ನೋವಿಗೆ ವಿಷಾದ. ಏಟು ಸುಳ್ಳಾಯಿತು, ಅದರ ಜೊತೆಗೆ ಹಾಜರಿ ಪುಸ್ತಕವೂ ಸುಳ್ಳಾಯಿತು, ಒಕ್ಕಲು ಮಕ್ಕಳಿಲ್ಲದ ಐದು ವರ್ಷವೂ ಸುಳ್ಳಾಯಿತು. ಅಪ್ಪ ನಿಂತದ್ದೂ ಸುಳ್ಳಾಯಿತು. ಒಂದು ಹನಿ ಹುಳಿ ಬಿದ್ದು ಗಡಿಗೆ ಹಾಲೆಲ್ಲ ಒಡೆಯಿತು. ಕೊನೆಗೆ ಒಡೆಯರೇ ಹಾಲಿನಂತೆ ಬೆಳ್ಳಗೆ ಹೊರಬಂದರು. ಹೊರತಂದವನು ನಾನು, ಅವರ ಮೇಲೆ ಹಲ್ಲು ಕಡಿಯುತ್ತಿದ್ದ ನಾನು.

ಸಭೆ ಮುಗಿಸಿ ಸಾಗರಕ್ಕೆ ಬಸ್ಸಿನಲ್ಲಿ ಬಂದೆವು. ಆನಂದಪುರದಲ್ಲಿ ಬಸ್ಸು ನಿಂತು ಡ್ರೈವರ್ ಚಾಕ್ಕೆ ಇಳಿದಾಗ ನನಗೆ ತಡೆಯಲಿಲ್ಲ.

"ಯಾಕೆ ಹಾಗಂದೆ?"

"ಕೇಳಿದ್ರು, ಹೇಳ್ದೆ."

"ಅಷ್ಟು ಜನರ ಎದುರಿಗೆ ನನ್ನ ಮಾನ ತೆಗೆದೆಯಲ್ಲ. ಒಂದು ಸಲ ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಪ್ಪ ಕಿಟಕಿಯ ಕಡೆಯೇ ನೋಡುತ್ತಿದ್ದ. ಸಿಟ್ಟು ಬಂದರೆ ಅವನ ದನಿ ಇಳಿಯುತ್ತದೆ. "ನಾನು ಮುಟ್ಟೋಕೂ ಲಾಯಕ್ಕಿಲ್ಲದೋನು ಅಂತ ಅವರು ನಿಲ್ಸಿದ್ದು ಕಣೋ. ಏಟು ಕೊಟ್ಟಿದ್ರೆ ನಾನೊಬ್ಬ ಮನುಷ್ಯ ಎದುರಿಗೆ ಇದ್ದೀನಿ ಅಂತಾದ್ರೂ ಆಗ್ತಿತ್ತು. ಅವರು ಕೊಡದೇ ಇದ್ದ ಮರ್ಯಾದೆ ನೀನು ಕೊಡಿಸಿಬಿಟ್ಟೆ. ನನ್ನ ಮೂರು ದಿನ ಒಂದೇ ಏಟಿಗೆ ಮುಗಿಸಿಬಿಟ್ಟೆಯಲ್ಲ."

ಬಸ್ಸು ಹೊರಟ ಮೇಲೆ ಅವನೇ ಅಂದ, "ರೋಹಿಣಿ ಮಳೆ ಹೊತ್ತಿಗೆ ನೀರು ಕೆಳಗೆ ಹೋಗ್ತದೆ. ಆ ಮನೆ ಮೇಲೆ ಬರ್ತದೆ ಅಂತ ಮೀನಿನವರು ಹೇಳ್ತಿದ್ರು. ಕರ್ಕೊಂಡು ಹೋಗ್ತೀನಿ, ಬಾ."

ಹೋದೆವು. ಮಳೆಗಾಲ ಹಿಡಿಯುವುದಕ್ಕೆ ಒಂದು ವಾರವಿತ್ತು. ನೀರು ಇಳಿದ ಇಳಿಜಾರೆಲ್ಲ ಬಿರುಕುಬಿಟ್ಟ ಕೆಸರು, ಬೋಳು ಬೊಡ್ಡೆಗಳು. ಒಡೆಯರ ಮನೆಗೆ ಸೂರು ಉಳಿದಿರಲಿಲ್ಲ, ಮರಮಟ್ಟು ಮುಂಚೆಯೇ ಕಿತ್ತು ಸಾಗಿಸಿದ್ದರು. ಆದರೆ ಜಗಲಿಯ ಕಟ್ಟೆ ಇತ್ತು, ಮೆಟ್ಟಿಲು ಮೂರು ಇದ್ದವು, ಅಂಗಳದ ಚಪ್ಪಡಿಗಳು ಇದ್ದವು. ಅಪ್ಪ ಕಾಲಿನಿಂದ ಕೆಸರು ಒರೆಸುತ್ತ ಒಂದು ಚಪ್ಪಡಿ ಹುಡುಕಿದ.

"ಇಲ್ಲಿ. ಇದರಿಂದ ಮುಂದೆ ನಾವು ಹೋಗೋ ಹಾಗಿರ್ಲಿಲ್ಲ. ನಿಂತ್ಕೋ."

ನಿಂತೆ. ಅವನು ಮೆಟ್ಟಿಲು ಹತ್ತಿದ. ಆ ಮೆಟ್ಟಿಲನ್ನು ಅವನು ಜೀವನದಲ್ಲಿ ಹತ್ತಿದ್ದು ಅದೇ ಮೊದಲು. ಒಡೆಯರು ಕೂರುತ್ತಿದ್ದ ಜಾಗದಲ್ಲಿ, ಕೆಸರಿನ ಮೇಲೆ ಬಾಳೆಲೆ ಹಾಸಿ ಕೂತು, ಎಲೆ ಅಡಿಕೆಯ ಸಂಚಿ ಬಿಚ್ಚಿದ.

"ಅಪ್ಪಾ, ಎಷ್ಟು ಹೊತ್ತು?"

ಅವನು ನನ್ನನ್ನು ನೋಡಲಿಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಆ ಕಡೆ ತಿರುಗಿ ಹೇಳಿದ, "ಯೋಚ್ನೆ ಮಾಡಿ ಹೇಳ್ತೀನಿ ಅಂತ ಹೇಳು ಅವನಿಗೆ."

ಒಡೆಯರು ಹೇಳುತ್ತಿದ್ದದ್ದು ಹೀಗೆ ಎಂದು ನನಗೆ ಆಗ ಗೊತ್ತಾಯಿತು. ಅಪ್ಪನ ಜೊತೆ ಅವರು ನೇರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಬಾಗಿಲಲ್ಲಿದ್ದ ಆಳಿಗೆ ಹೇಳುವುದು, ಆಳು ಅಪ್ಪನಿಗೆ ಹೇಳುವುದು. ಇಬ್ಬರ ನಡುವೆ ಹತ್ತು ಹೆಜ್ಜೆ ದೂರ. ಕಿವುಡನಿಗೂ ಕೇಳುವಷ್ಟು ಹತ್ತಿರ.

ನಾನು ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ನಿಂತೆ. ನಿಂತವನಿಗೆ ಮೊದಲು ನೋಯುವುದು ಕಾಲಲ್ಲ, ಕೈ. ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಕಟ್ಟಿಕೊಂಡರೆ ಸೊಕ್ಕು, ಸೊಂಟಕ್ಕಿಟ್ಟರೆ ಇನ್ನೂ ಸೊಕ್ಕು. ಆಮೇಲೆ ಹಿಮ್ಮಡಿ, ಆಮೇಲೆ ನಡು. ಚಪ್ಪಡಿ ಕಾದು ಅಂಗಾಲು ಎತ್ತಿ ಎತ್ತಿ ಇಡುವಂತಾಯಿತು. ಹೊತ್ತು ನೆತ್ತಿಗೆ ಬಂದಾಗ ಉಚ್ಚೆಗೆ ಅವಸರವಾಯಿತು. ಹೋಗಿಬರುತ್ತೇನೆ ಎಂದು ಯಾರಿಗೆ ಹೇಳುವುದು? ಅಪ್ಪ ಎಲೆ ಜಗಿಯುತ್ತ ನೀರಿನ ಕಡೆ ನೋಡುತ್ತಿದ್ದ. ನನ್ನ ಸ್ವಂತ ಅಪ್ಪ, ನನ್ನನ್ನು ಎತ್ತಿ ಆಡಿಸಿದವನು, ಆಟಕ್ಕೆಂದು ನನ್ನನ್ನು ನೋಡುತ್ತಿಲ್ಲ ಎಂದು ಗೊತ್ತಿದ್ದೂ ಮಧ್ಯಾಹ್ನದ ಹೊತ್ತಿಗೆ ನನಗೆ ಅವನನ್ನು ಕೊಲ್ಲುವಷ್ಟು ಸಿಟ್ಟು ಬಂದಿತ್ತು. ಓದುವವನಿಗೆ ಸಿಟ್ಟು ಬರುವುದಿಲ್ಲ ಎಂದು ನಾನು ಹರಿದು ಹಾಕಿದ್ದು ಇದನ್ನು!

ನೆರಳು ಚಪ್ಪಡಿ ದಾಟಿದ ಮೇಲೆ ಅಪ್ಪ "ಸಾಕು, ಬಾ" ಅಂದ. ನಾನು ಕುಕ್ಕರಿಸಿದೆ.

"ಮೂರನೇ ದಿನ ಏನಂದ್ರು?"

"ಏನೂ ಅನ್ಲಿಲ್ಲ. ಮೊದಲೆರಡು ದಿನ ನಾಳೆ ಬರ್ಲಿ ಅಂತ ಹೇಳಿಸಿದ್ರು, ಅವತ್ತು ಹೋಗು ಅಂತಲೂ ಅನ್ಲಿಲ್ಲ. ನಾನೇ ಬಂದೆ."

"ನೀನೇ ಬಂದ್ಯಾ?"

"ಬಂದೆ. ಬೆನ್ನು ತಿರುಗಿಸಿ."

ಇದರ ಅರ್ಥ ಹೊರಗಿನವರಿಗೆ ಹೇಳಬೇಕಾಗುತ್ತದೆ. ಒಡೆಯರು ಹೋಗು ಎನ್ನದೆ ಒಕ್ಕಲಿನವನು ಅಂಗಳ ಬಿಡುವಂತಿಲ್ಲ. ಬಿಡುವಾಗಲೂ ಬೇಲಿಬಾಗಿಲಿನ ದಣಪೆ ದಾಟುವವರೆಗೆ ಹಿಂದೆ ಹಿಂದೆ ಹೆಜ್ಜೆ ಇಡಬೇಕು, ಬೆನ್ನು ತೋರಿಸಬಾರದು. ಅಪ್ಪ ಮೂರನೆಯ ದಿನ ಇಳಿಹೊತ್ತಿನಲ್ಲಿ ಯಾರೂ ಹೇಳದೆ ತಿರುಗಿ, ಬೆನ್ನು ತೋರಿಸಿಕೊಂಡು ಮನೆಗೆ ಬಂದಿದ್ದ. ಮಾರನೆಯ ಬೆಳಿಗ್ಗೆ ನನ್ನ ಕೈ ಹಿಡಿದು ಶಾಲೆಗೆ ಬಿಟ್ಟಿದ್ದ. ಆ ವರ್ಷ ಹೊಳೆಯ ಬದಿಯ ಒಳ್ಳೆಯ ಗದ್ದೆ ನಮ್ಮ ಕೈ ತಪ್ಪಿ ಬೇರೆಯವರಿಗೆ ಹೋದದ್ದು ಯಾಕೆಂದು ನನಗೆ ಅಂದು ತಿಳಿಯಿತು.

"ಇದು ಯಾವಾಗ ಆಗಿದ್ದು?"

"ಮಿರ್ಗ ಮಳೆ ಕೂಡೋಕೆ ಮುಂಚಿನ ಮೂರು ದಿನ. ಕೂಡಿದ ದಿನ ನಿನ್ನ ಶಾಲೆಗೆ ಬಿಟ್ಟೆ, ನೆಂದುಕೊಂಡೇ ಹೋದ್ವಿ."

ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು. ಮನೆಗೆ ಬಂದವನೇ ನಾನು ಸಣ್ಣ ಒಡೆಯರ ಪೆಟ್ಟಿಗೆ ತೆಗೆದೆ. ನನ್ನನ್ನು ಸುಳ್ಳುಗಾರನೆಂದು ಸಾರಿದ ಗದ್ದಲದಲ್ಲಿ ಅದನ್ನು ವಾಪಸು ಕೇಳಲು ಅವರು ಮರೆತಿದ್ದರು. ಹಿರಿಯ ಒಡೆಯರಿಗೆ ದಿನಚರಿ ಬರೆಯುವ ರೂಢಿ ಇರಲಿಲ್ಲ. ಆ ಕಡೆಯ ಎಷ್ಟೋ ಯಜಮಾನರಂತೆ ಪಂಚಾಂಗದ ಅಂಚಿನಲ್ಲಿ ದಿನಕ್ಕೊಂದು ಸಾಲು ಗೀಚುತ್ತಿದ್ದರು. ಮಳೆ ಬಂತು, ಕರು ಹಾಕಿತು, ಇಂಥವರು ಬಂದರು. ನಾನು ಮೊದಲು ಅವನ್ನೆಲ್ಲ ಒಣ ಹುಲ್ಲೆಂದು ಬದಿಗಿಟ್ಟಿದ್ದೆ. ನನಗೆ ಎಂಟು ತುಂಬಿದ ವರ್ಷದ ಪಂಚಾಂಗ ಹುಡುಕಿ, ಮೃಗಶಿರ ಮಳೆ ಕೂಡುವ ದಿನಕ್ಕೆ ಬೆರಳಿಟ್ಟು ಮೇಲಕ್ಕೆ ಸರಿದೆ.

ಮೊದಲ ದಿನದ ಅಂಚಿನಲ್ಲಿ: ಸೆಖೆ. ಅಂಗಳದಲ್ಲಿ ಒಕ್ಕಲಿನವ ನಿಂತಿದ್ದ. ಎರಡನೆಯ ದಿನ: ಮೋಡ. ಅವನು ಇವತ್ತೂ ನಿಂತಿದ್ದ. ಮೂರನೆಯ ದಿನ: ಗುಡುಗು. ಅವನು ಹೇಳದೆ ಹೋದ.

ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು "ಇನ್ನೊಂದ್ಸಲ ಓದು" ಅಂದ. ಓದಿದೆ. "ಬರ್ಕೊಂಡಿದ್ರಾ!" ಎಂದು ತೊಡೆ ತಟ್ಟಿ ನಕ್ಕ. "ನೋಡೇ ಇಲ್ಲ ಅನ್ನೋ ಹಾಗೆ ಕೂತಿದ್ರಲ್ಲೇ ಇವಳೇ, ಬರ್ಕೊಂಡಿದ್ರಂತೆ!" ಎಂದು ಒಳಗಿದ್ದ ಅವ್ವನಿಗೆ ಕೂಗಿ ಹೇಳಿದ.

ಹನ್ನೊಂದನೆಯ ಕಂತನ್ನು ಮತ್ತೆ ಬರೆದೆ. ಏಟು ತೆಗೆದೆ, ಉಂಗುರ ತೆಗೆದೆ. ಒಡೆಯರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಬರೆದೆ. ಅವರಿಗೆ ಕ್ರೌರ್ಯದ ನಗೆಯನ್ನೂ ಕೊಡಲಿಲ್ಲ, ಕೊಟ್ಟರೆ ಅದೊಂದು ಗಮನ ಕೊಟ್ಟಂತಾಗುತ್ತಿತ್ತು. ಅವರು ಪತ್ರಿಕೆ ಓದಿದರು, ಊಟಕ್ಕೆ ಎದ್ದರು, ಮಲಗಿ ಎದ್ದು ಬಂದು ಕೂತರು. ನಾನು ಸ್ವಂತದ್ದೆಂದು ಸೇರಿಸಿದ್ದು ಅಪ್ಪನ ಕೈ, ಹಿಮ್ಮಡಿ, ನಡು, ಅಂಗಾಲು. ಅದನ್ನೂ ಮೊದಲು ನನ್ನ ಮೈಮೇಲೆ ಹಾಯಿಸಿಕೊಂಡು, ಅಪ್ಪನಿಗೆ ಓದಿ ಹೇಳಿ, "ಹೌದು, ಕೈಯೇ ಮೊದಲು" ಎಂದು ಅವನು ಒಪ್ಪಿದ ಮೇಲೆ ಇಟ್ಟುಕೊಂಡೆ. ಬರೆಯುವಾಗ ಸೇಡು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಮೊದಲ ಸಲ ಅದು ನನ್ನ ಕೈ ಹಿಡಿದು ಬರೆಸಿತ್ತು. ಈ ಸಲ ನಾನು ಅದರ ಮೂಗುದಾರ ಹಿಡಿದಿದ್ದೆ.

ಪಂಚಾಂಗ ತೆಗೆದುಕೊಂಡು ಶಿವಮೊಗ್ಗೆಗೆ ಹೋಗಿ ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಅಂಚನ್ನು ಓದಿ, ನನ್ನ ಹಾಳೆ ಓದಿ, ಕನ್ನಡಕ ತೆಗೆದು ಒರೆಸಿದರು. "ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ರೀ" ಅಂದರು. "ಅದೇ ನಡೆದಿದ್ದು" ಅಂದೆ. ಅಚ್ಚು ಹಾಕಿದರು.

ಹೊಸನಗರದ ಹೋಟೆಲಿಗೆ ಬೇಕೆಂದೇ ಹೋದೆ. ಯಾರೂ ನಗಲಿಲ್ಲ. ಮಿಂದರಾ ಎಂದು ಕೇಳಿದ್ದ ಮುದುಕ ಬೆಂಚಿನಲ್ಲಿ ಸರಿದು ಜಾಗ ಮಾಡಿದ. ಚಾ ಲೋಟ ನನ್ನ ಕಡೆ ತಳ್ಳಿ, "ನಾನೂ ನಿಂತಿದ್ದೆ ಮೇಷ್ಟ್ರೇ. ಮಗಳ ಮದುವೆಗೆ ಒಪ್ಪಿಗೆ ಕೇಳೋಕೆ. ಒಂದೂವರೆ ದಿನ" ಅಂದ. ಇನ್ನೊಬ್ಬ "ನಾನು ಒಂದು ದಿನ" ಅಂದ.

ಮೂರನೆಯ ವಾರ ಸಣ್ಣ ಒಡೆಯರು ಸಾಗರಕ್ಕೆ ಬಂದರು. ಬೆಳಿಗ್ಗೆ ಹತ್ತು ಗಂಟೆ, ಭಾನುವಾರವೇ. ಅಪ್ಪ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಈ ಸಲ ಏಳಲಿಲ್ಲ. ನಾನು ಬಾಗಿಲ ಪಕ್ಕ ನಿಂತಿದ್ದೆ. ಚಾಪೆ ಸುರುಳಿ ಸುತ್ತಿ ಮೂಲೆಯಲ್ಲಿತ್ತು. ಅದನ್ನು 'ಬಿಡಿಸು' ಎನ್ನುವಂತೆ ಅವ್ವ ಅಡಿಗೆಮನೆಯಿಂದ ನನಗೆ ಸನ್ನೆ ಮಾಡಿದಳು. ನಾನು ನೋಡದವನಂತೆ ನಿಂತೆ.

"ಮೇಷ್ಟ್ರೇ, ಆಗಿದ್ದು ಆಗಿಹೋಯ್ತು," ಅವರು ಹೊಸ್ತಿಲ ಒಳಗೆ ನಿಂತೇ ಹೇಳಿದರು. ಕೈಯಲ್ಲಿದ್ದ ಛತ್ರಿಯನ್ನು ಎಡಗೈಗೆ ಬದಲಿಸಿದರು, ಮತ್ತೆ ಬಲಗೈಗೆ. "ಪುಸ್ತಕ ಮಾಡುವಾಗ ಆ ಒಂದು ಅಧ್ಯಾಯ ಬಿಟ್ಟುಬಿಡಿ. ಪಂಚಾಂಗ ವಾಪಸು ಕೊಡಿ. ನಮ್ಮ ಮನೆಯ ವಸ್ತು ಅದು."

"ಅದರಲ್ಲಿ ಸುಳ್ಳು ಯಾವುದು ಹೇಳಿ, ಈಗಲೇ ಹೊಡೆದುಹಾಕ್ತೀನಿ."

"ಸುಳ್ಳು ಅಂತ ಹೇಳಿದ್ನಾ ನಾನು?" ಅವರ ದನಿ ಬಿದ್ದಿತು. ಅಪ್ಪನ ಕಡೆ ತಿರುಗಿದರು. ಅವರು ಅಪ್ಪನಿಗೆ ಬಹುವಚನ ಹಾಕಿದ್ದು ನಾನು ಕೇಳಿದ್ದು ಅದೇ ಮೊದಲು. "ನೀವಾದ್ರೂ ಮಗನಿಗೆ ಒಂದು ಮಾತು ಹೇಳಿ. ನಿಮ್ಮದೇ ಕಥೆ ಅಲ್ವಾ? ನೀವು ಬೇಡ ಅಂದ್ರೆ ಅವರು ಹಾಕಲ್ಲ."

ಅಪ್ಪ ಎಲೆ ಮಡಿಸಿದ. ಅಡಿಕೆ ಹೋಳು ಇಟ್ಟ. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದ. ಸಣ್ಣ ಒಡೆಯರು ಛತ್ರಿಯನ್ನು ಮತ್ತೆ ಎಡಗೈಗೆ ತಂದರು. ಹೌದು, ಕೈಯೇ ಮೊದಲು. ಅಪ್ಪ ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದ.

"ಮಗಾ, ಯೋಚ್ನೆ ಮಾಡಿ ಹೇಳ್ತೀನಿ ಅಂತ ಹೇಳು ಅವರಿಗೆ. ನಾಳೆ ಬರ್ಲಿ."

ಹತ್ತು ಹೆಜ್ಜೆಯೂ ಇರಲಿಲ್ಲ, ಮೂರೇ ಹೆಜ್ಜೆ ದೂರ. ನಾನು ಸಣ್ಣ ಒಡೆಯರ ಕಡೆ ತಿರುಗಿ, ಒಂದು ಅಕ್ಷರ ಬಿಡದೆ ಹೇಳಿದೆ, "ಯೋಚನೆ ಮಾಡಿ ಹೇಳ್ತಾರಂತೆ. ನಾಳೆ ಬರಬೇಕಂತೆ."

ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಗೋಡೆಯ ಮೇಲಿನ ನನ್ನ ಪದವಿಯ ಕಾಗದವನ್ನು ಓದುತ್ತಿದ್ದರೋ ಏನೋ, ಕಣ್ಣು ಆ ಕಡೆಯಿತ್ತು. ಆಮೇಲೆ ಬೆನ್ನು ತಿರುಗಿಸಿ ಮೆಟ್ಟಿಲು ಇಳಿದರು.

ಮಾರನೆಯ ದಿನ ನಾನು ಶಾಲೆಗೆ ರಜೆ ಹಾಕಿ ಕಾದೆ. ಅಪ್ಪ ಬೆಳಗ್ಗೆಯೇ ಮಿಂದು ಕುರ್ಚಿಯಲ್ಲಿ ಕೂತಿದ್ದ. ಸಣ್ಣ ಒಡೆಯರು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಪುಸ್ತಕವನ್ನು ಸಾಗರದ ಸಣ್ಣ ಮುದ್ರಣಾಲಯದಲ್ಲಿ ನಾನೇ ಅಚ್ಚು ಹಾಕಿಸಿದೆ, ಆ ಅಧ್ಯಾಯವೂ ಸೇರಿ. ಕೊನೆಯಲ್ಲಿ ಅವರು ಮೂರು ದಿನ ಬಂದು ನಮ್ಮ ಹೊಸ್ತಿಲಲ್ಲಿ ನಿಂತರು ಎಂದು ಬರೆಯಲು ನನ್ನ ಕೈ ಎಷ್ಟು ತುರಿಸಿತೆಂದು ದೇವರಿಗೇ ಗೊತ್ತು. ಬರಲಿಲ್ಲ ಎಂದೇ ಬರೆದೆ.